ಹೊಗೆಯ ಪಾಳಿ

ಪ್ರತಿ ಸೋಮವಾರ ಸಂಜೆ ಆರು ಗಂಟೆಗೆ ನಮ್ಮ ಓಣಿಯ ಮೂವತ್ತಾರು ಜನ ಬೇರೆಯವರಾಗಿಬಿಡುತ್ತಿದ್ದರು. ಭಾನುವಾರದವರೆಗೆ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದವನು ಮಂಗಳವಾರದಿಂದ ಭಟ್ಟಿಯ ಬಾಯಿಗೆ ಹೊಟ್ಟು ಸುರಿಯುತ್ತಿದ್ದ. ಮನೆ ಬಿಟ್ಟು ಹೊರಗೆ ಕಾಲಿಡದ ಮುದುಕಿ ಇದ್ದಕ್ಕಿದ್ದಂತೆ ಬೆಳಗಿನ ಐದಕ್ಕೆದ್ದು ಹೊಗೆ ಕುಡಿಯತೊಡಗುತ್ತಿದ್ದಳು. ಇದನ್ನು ಕಂಡುಹಿಡಿಯಲು, ಅದೇ ಓಣಿಯಲ್ಲಿ ಬದುಕುವ, ಗಾಳಿ ಅಳೆಯುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವ ನನಗೆ ಎಂಟು ತಿಂಗಳು ಬೇಕಾಯಿತು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆಯ ಹೆಸರು ದಾಕ್ಷಾಯಣಿ. ಅದು ನಾನೇ.

ನಮ್ಮದು ಭಟ್ಟಿ ಓಣಿ. ನೂರೆಂಟು ಮನೆ, ನಾಲ್ಕು ಮಂಡಕ್ಕಿ ಭಟ್ಟಿ. ಊರಿನವರು ಸಂಜೆ ಮಿರ್ಚಿಯ ಜೊತೆ ತಿನ್ನುವ ಮಂಡಕ್ಕಿ ಅರ್ಧಕ್ಕರ್ಧ ಇಲ್ಲಿಯದೇ. ಉಪ್ಪುನೀರು ಹಾಕಿದ ಅಕ್ಕಿ ಕಾದ ಮರಳಿಗೆ ಬಿದ್ದು ಚಟಪಟ ಅರಳುವ ಸದ್ದಿಗೆ ನಮಗೆ ಬೆಳಗಾಗುತ್ತದೆ. ಬೆಳಗಾದ ಮೇಲೆ ಕಾಣುವುದು ಹೊಗೆ. ಒಗೆದ ಬಟ್ಟೆಯ ಮೇಲೆ, ಮಲ್ಲಿಗೆ ಗಿಡದ ಎಲೆಯ ಮೇಲೆ, ಮೂಗು ಸೀಟಿದರೆ ಕರವಸ್ತ್ರದ ಮೇಲೆ ಕರಿ. ನಾನು ಸೊಸೆಯಾಗಿ ಬಂದ ಮೊದಲ ವಾರ ಇದಕ್ಕೆ ಮೂಗು ಮುರಿದಿದ್ದೆ. ಎರಡನೇ ವಾರಕ್ಕೆ ಅಭ್ಯಾಸವಾಯಿತು. ಅಭ್ಯಾಸವಾಗುವುದೇ ಇದರ ದೊಡ್ಡ ಅಪಾಯ ಎಂದು ನಮ್ಮ ಡಾಕ್ಟರ್ ಶೇಟ್ ಹೇಳುತ್ತಿರುತ್ತಾರೆ.

ಶೇಟ್ ಸರ್ ಗಾಳಿ ವಿಜ್ಞಾನಿ. ನಗರದ ಗಾಳಿ ಕೊಠಡಿಗೆ ಅವರು ಮುಖ್ಯಸ್ಥರು. ನಾನು ಅಲ್ಲಿಯ ಆಪರೇಟರ್. ಬಡಾವಣೆ ಗಾಳಿ ಕಾಯಿದೆ ಎಂಬ ಹೊಸ ಕಾನೂನು ಬಂದದ್ದು ಹೋದ ವರ್ಷ. ಒಂದು ಓಣಿಯ ಜನ ತಾವು ಉಸಿರಾಡುವ ಗಾಳಿಯ ದಾಖಲೆಯನ್ನು ತಾವೇ ಮಾಡಿದರೆ, ಅಲ್ಲಿಯ ಹೊಗೆಗೆ ಏನು ಮಾಡಬೇಕೆಂದು ತೀರ್ಮಾನಿಸುವ ಹಕ್ಕೂ ಅವರದೇ. ದಾಖಲೆ ಇಲ್ಲ, ಇದ್ದರೂ ನಂಬುವಂತಿಲ್ಲ ಎಂದಾದರೆ ಜಿಲ್ಲಾ ಸಮಿತಿ ತೀರ್ಮಾನಿಸುತ್ತದೆ. ಸಮಿತಿಯ ತೀರ್ಮಾನ ಏನೆಂದು ಎಲ್ಲರಿಗೂ ಗೊತ್ತಿತ್ತು: ಭಟ್ಟಿಗಳಿಗೆ ಬೀಗ. ಊರಾಚೆ ಹದಿನೆಂಟು ಕಿಲೋಮೀಟರ್ ದೂರದ ಬಯಲಿನಲ್ಲಿ ಜಾಗ ಕೊಡುತ್ತಾರಂತೆ, ಯಾವಾಗ ಎಂದು ಕೇಳಬಾರದು.

ದಾಖಲೆ ಮಾಡಲು ಕೊಟ್ಟದ್ದು ಉಸಿರುಬಿಲ್ಲೆ. ಹಳೆಯ ಐದು ರೂಪಾಯಿ ನಾಣ್ಯದಷ್ಟು ದೊಡ್ಡದು, ಕೊರಳಿಗೆ ದಾರ ಕಟ್ಟಿ ಹಾಕಿಕೊಳ್ಳುವುದು. ಒಳಗೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಒಂದು ಪೊರೆ ಸದಾ ಕಂಪಿಸುತ್ತಿರುತ್ತದೆ. ಹಾಕಿಕೊಂಡವರು ಎಳೆದುಕೊಳ್ಳುವ ಗಾಳಿಯ ಕರಿ ಅದರ ಮೇಲೆ ಕೂತಷ್ಟೂ ಪೊರೆ ಭಾರವಾಗಿ ಕಂಪನ ಇಳಿಯುತ್ತದೆ. ಮಳೆಗಾಲದಲ್ಲಿ ಹಲಗೆಯ ಚರ್ಮ ತೇವ ಕುಡಿದು ದನಿ ಇಳಿಸುವುದಿಲ್ಲವೇ, ಹಾಗೆ. ಐದೈದು ನಿಮಿಷಕ್ಕೊಮ್ಮೆ ಆ ಲೆಕ್ಕ ನಮ್ಮ ಕೊಠಡಿಗೆ ಬರುತ್ತದೆ. ಜೊತೆಗೆ ಬಿಲ್ಲೆಯ ಬಿಸಿ ಎಷ್ಟಿತ್ತು ಎಂಬ ಇನ್ನೊಂದು ಸಾಲೂ ಬರುತ್ತದೆ. ಅದನ್ನು ಯಾರೂ ನೋಡುತ್ತಿರಲಿಲ್ಲ.

ಬಿಲ್ಲೆಗೆ ಒಂದು ಕೆಟ್ಟ ಗುಣ. ಪ್ರತಿ ಪೊರೆಯೂ ಕಾಲ ಕಳೆದಂತೆ ತನ್ನದೇ ರೀತಿ ಸೊಟ್ಟಗಾಗುತ್ತದೆ. ಒಂದು ಹೆಚ್ಚು ಹೇಳುತ್ತದೆ, ಇನ್ನೊಂದು ಕಡಿಮೆ. ಅದಕ್ಕೇ ಎರಡು ತಿಂಗಳಿಗೊಮ್ಮೆ ಎಲ್ಲವನ್ನೂ ತಂದು ದೊಡ್ಡ ಯಂತ್ರದ ಪಕ್ಕದಲ್ಲಿಟ್ಟು ತಾಳೆ ನೋಡಬೇಕು. ದೊಡ್ಡ ಯಂತ್ರ ಏಪ್ರಿಲ್‌ನಲ್ಲಿ ರಿಪೇರಿಗೆಂದು ಹೋದದ್ದು ಇವತ್ತಿಗೂ ಬಂದಿಲ್ಲ.

ನಮ್ಮ ಓಣಿಗೆ ಬಂದದ್ದು ಮೂವತ್ತಾರು ಬಿಲ್ಲೆ. ಮೂರು ಮನೆಗೊಂದರಂತೆ ಆರಿಸಿದ ಮೂವತ್ತಾರು ಜನರ ಕೊರಳಿಗೆ ನಾನೇ ಕೈಯಾರೆ ಕಟ್ಟಿದೆ. 'ಪ್ರತಿಯೊಬ್ಬ ಧಾರಕರೂ ತಮಗೆ ನಿಗದಿಪಡಿಸಿದ ಸಾಧನವನ್ನು ನಿರಂತರವಾಗಿ ಧರಿಸತಕ್ಕದ್ದು' ಎಂದು ಸೂಚನೆಯನ್ನೂ ಓದಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ನಮ್ಮ ಓಣಿಯಲ್ಲಿ ಅರ್ಥವಾದ ಮಾತಿಗೆ ಜಗಳ ಬೀಳುತ್ತದೆ. ಅರ್ಥವಾಗದ್ದಕ್ಕೆ ಮಾತ್ರ ತಲೆಯಾಡುತ್ತದೆ.

ಸಮಿತಿಯ ಮುಂದೆ ದಾಖಲೆ ಇಡಲು ಹನ್ನೆರಡು ದಿನ ಉಳಿದಿತ್ತು. ಅಲ್ಲಿಯವರೆಗೆ ನಾವು ತಿಂಗಳ ಸರಾಸರಿಯನ್ನಷ್ಟೇ ನೋಡಿದ್ದೆವು. ಮೂವತ್ತಾರೂ ಒಂದೇ ಹೊಲದ ತೆನೆಯಂತೆ ಸಮವಾಗಿದ್ದವು. "ಹೊಗೆ ಎಲ್ಲರಿಗೂ ಸಮನಾಗಿ ಹಂಚಿದೆ ನೋಡಿ" ಎಂದು ಶೇಟ್ ಸರ್ ಆಶ್ಚರ್ಯಪಟ್ಟಿದ್ದರು. ಆ ಮಧ್ಯಾಹ್ನ ನಾನು ಮೊದಲ ಸಲ ಐದೈದು ನಿಮಿಷದ ಲೆಕ್ಕ ತೆಗೆದೆ. ಮೊದಲು ತೆಗೆದದ್ದು ಹದಿನೆಂಟನೇ ಬಿಲ್ಲೆ, ಜೈತುನಕ್ಕನದು.

ಜೈತುನ್‌ಬಿ ನಾಲ್ಕೂ ಭಟ್ಟಿಗೆ ಬೆಂಕಿ ಹೊತ್ತಿಸುವವಳು. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಬೆಳಗಿನ ಐದಕ್ಕೆ ತಣ್ಣಗಿರುವ ಒಲೆಗೆ ಭತ್ತದ ಹೊಟ್ಟು ಸುಮ್ಮನೆ ಹತ್ತಿಕೊಳ್ಳುವುದಿಲ್ಲ. ಹಳೆ ಟೈರಿನ ತುಂಡಿಗೆ ಸೀಮೆಎಣ್ಣೆ ಹಾಕಿ ಅದರಿಂದ ಹಿಡಿಸಬೇಕು. ಒಲೆಯ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತು ಊದುಗೊಳವೆಯಿಂದ ಊದುತ್ತಾಳೆ. ನಲವತ್ತು ನಿಮಿಷದಲ್ಲಿ ನಾಲ್ಕೂ ಒಲೆ ಭುಗಿಲೆನ್ನುತ್ತವೆ. ಆಮೇಲೆ ಇಡೀ ದಿನ ಜರಡಿ ಹಿಡಿಯುವುದು, ನಡುನಡುವೆ ಕೆಮ್ಮುವುದು. ಅವಳ ಕೆಮ್ಮು ನಮ್ಮ ಮನೆಯ ಗೋಡೆ ಗಡಿಯಾರಕ್ಕಿಂತ ಸರಿಯಾಗಿ ನಡೆಯುತ್ತದೆ.

ಮೊದಲ ವಾರ ಹದಿನೆಂಟನೇ ಬಿಲ್ಲೆಯ ಕಂಪನದ ಗೆರೆ ದಿನಾ ಐದಕ್ಕೆ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ಎರಡನೇ ವಾರ ಬೀಳಲೇ ಇಲ್ಲ. ಎಂಟು ತಿಂಗಳಲ್ಲಿ ಮತ್ತೆಂದೂ ಬೀಳಲಿಲ್ಲ. ಅದೇ ಬಾವಿ ನಾಲ್ಕನೇ ವಾರ ಹದಿನೇಳರಲ್ಲಿತ್ತು, ಏಳನೇ ವಾರ ಹದಿನಾರರಲ್ಲಿತ್ತು. ಬದಲಾದದ್ದು ಪ್ರತಿ ಸಲವೂ ಸೋಮವಾರ, ಸಂಜೆ ಆರು ಗಂಟೆಗೆ.

ಸೋಮವಾರ ಸಂಜೆ ಆರಕ್ಕೆ ನಮ್ಮ ಓಣಿಯಲ್ಲಿ ನಡೆಯುವುದು ಒಂದೇ ಕೆಲಸ. ಬೋರಿನ ನೀರಿನ ಪಾಳಿ ಹೇಳುವುದು. ಹೇಳುವವರು ನನ್ನ ಅತ್ತೆ.

*

ಅತ್ತೆ ಹಾಲಮ್ಮನಿಗೆ ಅರವತ್ತೆಂಟು. ಸಹಿ ಮಾಡಲು ಬರುತ್ತದೆ, ಓದಲು ಬರುವುದಿಲ್ಲ. ಮೂವತ್ತು ವರ್ಷದಿಂದ ಓಣಿಯ ನೀರಿನ ಪಾಳಿ ಅವರ ಕೈಯಲ್ಲಿದೆ. ಒಂದು ಸಲವೂ ತಪ್ಪಿಲ್ಲ. ಗಂಡ ತೀರಿಕೊಂಡ ದಿನವೂ 'ಇವತ್ತು ನಲವತ್ತರಿಂದ ಹಿಡೀರಿ' ಎಂದು ಒಳಗಿನಿಂದಲೇ ಹೇಳಿ ಕಳಿಸಿದರಂತೆ. ನಾನು ಕೆಲಸದಿಂದ ಬಂದಾಗ ಅವರು ಜಗಲಿಯ ಮೇಲೆ ಕೂತು ಮಂಡಕ್ಕಿಗೆ ಒಗ್ಗರಣೆ ಹಚ್ಚಲು ಈರುಳ್ಳಿ ಹೆಚ್ಚುತ್ತಿದ್ದರು.

"ಅತ್ತಿ, ಜೈತುನಕ್ಕನ ಬಿಲ್ಲೆ ಯಾರ ಹತ್ರ ಐತಿ?"

"ಹದಿನೆಂಟಾ? ಅದು ಈ ವಾರ ಎಂಬತ್ತೇಳನೇ ಮನ್ಯಾಗೈತಿ. ಟೇಲರ್ ಚಂದ್ರಣ್ಣನ ಕೊಳ್ಳಾಗ." ಅವರು ತಲೆಯನ್ನೂ ಎತ್ತಲಿಲ್ಲ. "ಜೈತುನಿ ಪಾಳಿ ಬರೋ ಸೋಮವಾರ."

"ಪಾಳಿ? ಬಿಲ್ಲೆಗೆ ಯಾರು ಪಾಳಿ ಹಾಕಂದ್ರು ನಿಮಗ?"

"ಯಾರ್ ಅನ್ಬಕು? ಮೂವತ್ತಾರು ಕೊಟ್ಟು ಹೋದ್ರಿ. ನೂರೆಂಟು ಮನಿ ಅದಾವು. ಉಳಿದೋರು ಉಸಿರಾಡಲ್ಲೇನು?" ಈಗ ತಲೆಯೆತ್ತಿದರು. "ಮೂರನೇ ದಿನಕ್ಕೇ ಜಗಳ ಶುರುವಾತು. ಅವರಿಗೆ ಕೊಟ್ರು, ನಮಗ್ಯಾಕ ಇಲ್ಲ ಅಂತ. ಅದಕ್ಕ ನೀರಿನಂಗ ಮಾಡಿದೆ. ಸೋಮವಾರಕ್ಕೊಂದು ಮನಿ ಮುಂದಕ್ಕ. ಎಲ್ಲರಿಗೂ ಮೂರು ವಾರಕ್ಕೊಂದು ಸಲ ಸಿಗತೈತಿ. ಒಬ್ರೂ ಚಕಾರ ಎತ್ತಿಲ್ಲ."

"ನನಗ್ಯಾಕ ಹೇಳಲಿಲ್ಲ?"

"ನಿನಗ ಗೊತ್ತಿರತೈತಿ ಅಂದ್ಕಂಡಿದ್ವಿ. ನೀನ ಅಲ್ವೇನು ಅಲ್ಲಿ ಕುಂತು ನೋಡಾಕಿ?"

ಸಿಟ್ಟು, ನಾಚಿಕೆ, ಅಳು ಮೂರೂ ಒಟ್ಟಿಗೆ ಬಂದವು. ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ಈರುಳ್ಳಿ ಹೆಚ್ಚಲು ಕೂತೆ. ಅಳುವುದಕ್ಕೆ ಅದೊಂದು ಒಳ್ಳೆಯ ನೆಪ.

*

"ನೀರಲ್ಲಿ ಹೋಮ" ಎಂದರು ಶೇಟ್ ಸರ್. "ಎಂಟು ತಿಂಗಳು ನೀರಲ್ಲಿ ಹೋಮ ಮಾಡಿದ ಹಾಗಾಯಿತು ದಾಕ್ಷಾಯಣಿ. ಬಿಲ್ಲೆಯ ಜೊತೆ ಮನುಷ್ಯನ ಹೆಸರಿಲ್ಲದಿದ್ದರೆ ಅದು ದಾಖಲೆಯೇ ಅಲ್ಲ. ಸಮಿತಿಯವರು ಒಂದೇ ಪ್ರಶ್ನೆಗೆ ಇದನ್ನು ಕಸದ ಬುಟ್ಟಿಗೆ ಹಾಕುತ್ತಾರೆ."

ಅವರು ಕೂಗಾಡುವವರಲ್ಲ, ಕನ್ನಡಕ ತೆಗೆದು ಒರೆಸುತ್ತಾರೆ. ಅವತ್ತು ಹತ್ತು ನಿಮಿಷ ಒರೆಸಿದರು. ಭಟ್ಟಿಗೆ ಬೀಗ ಬಿದ್ದರೆ ಜೈತುನಕ್ಕ ಎಲ್ಲಿಗೆ ಹೋಗುತ್ತಾಳೆ ಎಂದು ನಾನು ಯೋಚಿಸುತ್ತಿದ್ದೆ. ಅವಳಿಗೆ ಗೊತ್ತಿರುವುದು ಬೆಂಕಿ ಒಂದೇ. ಅದನ್ನು ಕಸಿಯಲು ನನ್ನ ಅತ್ತೆಯ ನ್ಯಾಯಬುದ್ಧಿ ಮತ್ತು ನನ್ನ ಸರ್ಕಾರಿ ಕನ್ನಡ ಎರಡೂ ಸೇರಿಕೊಂಡಿದ್ದವು.

"ಸರ್, ಪಾಳಿಯ ಗುರುತು ಗೋಡೆಯ ಮೇಲಿದೆ" ಎಂದೆ. "ನೀರಿನ ಟ್ಯಾಂಕಿನ ಗೋಡೆ. ಒಂದು ಸಲ ಬಂದು ನೋಡಿ."

"ಗೋಡೆ" ಎಂದರು. ಆದರೆ ಬಂದರು.

ಟ್ಯಾಂಕಿನ ಹಿಂದಿನ ಗೋಡೆಗೆ ಆ ದೀಪಾವಳಿಗೆ ಸುಣ್ಣ ಬಳಿಯಲು ಅತ್ತೆ ಬಿಟ್ಟಿರಲಿಲ್ಲ. ನೂರೆಂಟು ಸಾಲು, ಮೂವತ್ತಾರು ಕಂಬ. ಗಂಡಸು ಹಾಕಿಕೊಂಡಿದ್ದರೆ ಇದ್ದಿಲಿನ ಗೆರೆ, ಹೆಂಗಸಾದರೆ ಕೆಮ್ಮಣ್ಣಿನ ಬೊಟ್ಟು. ಯಾರೂ ಹಾಕಿಕೊಳ್ಳದಿದ್ದರೆ ಸೊನ್ನೆ. ಶೇಟ್ ಸರ್ ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಸೊನ್ನೆಯ ಮೇಲೆ ಬೆರಳಿಟ್ಟರು.

"ಇದೇನಮ್ಮ?"

"ಎಂಟನೇ ವಾರ, ಮೂವತ್ತೆರಡನೇ ಮನಿ, ಒಂಬತ್ತನೇ ಬಿಲ್ಲೆ" ಎಂದರು ಅತ್ತೆ, ಗೋಡೆಯನ್ನು ನೋಡದೆ. "ನಿಂಗಪ್ಪನ ಮನಿ. ಅವನಿಗೆ ಕಾಮಾಲೆ ಆಗಿ ಔಷಧಕ್ಕಂತ ತಂಗಿ ಊರಿಗೆ ಹೋಗಿದ್ದ. ಬಿಲ್ಲೆ ದೇವರ ಮನಿ ಮೊಳಿಗೆ ನೇತಾಕಿದ್ರು. ಮುಟ್ಟಿಲ್ಲ ಯಾರೂ."

ಶೇಟ್ ಸರ್ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಟ್ಯಾಂಕಿನ ಕಟ್ಟೆಯ ಮೇಲಿಟ್ಟು ಒಂಬತ್ತನೇ ಬಿಲ್ಲೆಯ ಎಂಟನೇ ವಾರ ತೆರೆದರು. ಹೊಗೆಯ ಗೆರೆ ಸಪಾಟು. ಅದರ ಪಕ್ಕದಲ್ಲಿ ನಾವು ಎಂದೂ ನೋಡದ ಬಿಸಿಯ ಸಾಲು: ಹಗಲು ಏರಿ ರಾತ್ರಿ ಇಳಿದಿತ್ತು, ಬರಿಯ ಗೋಡೆಯಂತೆ. ಏಳು ದಿನ ಅದು ಮನುಷ್ಯನ ಮೈ ಮುಟ್ಟಿರಲಿಲ್ಲ. ಸೋಮವಾರ ಸಂಜೆ ಆರೂ ಹತ್ತಕ್ಕೆ ಮೂವತ್ನಾಲ್ಕು ಡಿಗ್ರಿಗೆ ಏರಿತ್ತು.

"ಮೂವತ್ಮೂರನೇ ಮನಿ. ಗೌರಿ ಹಾಕ್ಕಂಡ್ಲು" ಎಂದರು ಅತ್ತೆ.

ಶೇಟ್ ಸರ್ ಇನ್ನೂ ನಾಲ್ಕು ಸೊನ್ನೆ ಕೇಳಿದರು. ಒಂದು ಮದುವೆ, ಒಂದು ಬಾಣಂತನ, ಒಂದು ದಾರ ಹರಿದದ್ದು, ಒಂದು ಅತ್ತೆ-ಸೊಸೆ ಜಗಳದಲ್ಲಿ ಅಕ್ಕಿ ಡಬ್ಬಿಯೊಳಗೆ ಬಚ್ಚಿಟ್ಟದ್ದು. ನಾಲ್ಕೂ ತಾಳೆಯಾದವು. ಸುತ್ತ ಸೇರಿದ ಜನ ತಮ್ಮ ತಮ್ಮ ವಾರದ ಕಥೆ ಹೇಳಲು ಮುಗಿಬಿದ್ದರು. ನಮ್ಮ ಸರ್ ಕಟ್ಟೆಯ ಮೇಲೆ ಕೂತು ಒಂದು ಹಾಳೆಯಲ್ಲಿ ಏನೋ ಗೀಚುತ್ತ ಹೋದರು. ಕೊನೆಗೆ ಎದ್ದಾಗ ಕನ್ನಡಕ ಒರೆಸಲಿಲ್ಲ.

"ಊರಿನ ಹೊಸ ಬಡಾವಣೆಗೂ ಬಿಲ್ಲೆ ಕೊಟ್ಟಿದ್ದೆವಲ್ಲ, ಅಲ್ಲಿಯವರು ಸೂಚನೆಯನ್ನು ಅಕ್ಷರಶಃ ಪಾಲಿಸಿದ್ದಾರೆ. ಒಬ್ಬರಿಗೆ ಒಂದೇ ಬಿಲ್ಲೆ" ಎಂದರು ನನಗೆ. "ಬಿಲ್ಲೆ ಸೊಟ್ಟಗಾಗಿದೆಯೋ, ಗಾಳಿಯೇ ಕೆಟ್ಟಿದೆಯೋ ಬೇರ್ಪಡಿಸಲು ಈಗ ಅಲ್ಲಿ ದಾರಿಯೇ ಇಲ್ಲ. ದೊಡ್ಡ ಯಂತ್ರ ಇಲ್ಲವಲ್ಲ! ಇಲ್ಲಿ ನೋಡಿ, ಬಿಲ್ಲೆಯನ್ನು ತಕ್ಕಡಿ ಅಂದುಕೊಳ್ಳಿ. ಒಂದೊಂದು ತಕ್ಕಡಿಯೂ ಮೂವತ್ತಾರು ಮನೆ ತೂಗಿದೆ. ಒಂದೊಂದು ಮನೆಯನ್ನೂ ಹನ್ನೆರಡು ತಕ್ಕಡಿ ತೂಗಿವೆ. ಯಾವ ತಕ್ಕಡಿ ಎಷ್ಟು ಸುಳ್ಳು ಹೇಳುತ್ತದೆ ಅಂತ ಉಳಿದ ತಕ್ಕಡಿಗಳೇ ಹೇಳಿಬಿಡುತ್ತವೆ. ನಾನೇ ಕೂತು ಯೋಜನೆ ಹಾಕಿದ್ದರೂ ಇಷ್ಟು ಚೆನ್ನಾಗಿ ಹಾಕುತ್ತಿರಲಿಲ್ಲ."

"ಏನಂತಾರ ಅವರು?" ಎಂದು ಅತ್ತೆ ನನ್ನನ್ನು ಕೇಳಿದರು.

"ನೀವು ಮಾಡಿದ್ದು ಸರಿ ಐತಂತೆ."

"ಅದು ನನಗ ಗೊತ್ತೈತಿ. ಚಾ ಕುಡಿತಾರೇನು ಕೇಳು."

*

ಹತ್ತು ದಿನ ಮನೆ, ಕೊಠಡಿ, ಗೋಡೆ ಈ ಮೂರರ ನಡುವೆ ಓಡಾಡಿದೆ. ಬೆಳಿಗ್ಗೆ ಅತ್ತೆಯನ್ನು ಕೂರಿಸಿಕೊಂಡು ಗೋಡೆಯ ಸಾಲುಗಳನ್ನು ಬರೆದುಕೊಳ್ಳುವುದು, ಮಧ್ಯಾಹ್ನ ಬಿಸಿಯ ಸಾಲಿನೊಂದಿಗೆ ತಾಳೆ ಹಾಕುವುದು. ಅತ್ತೆ ತಪ್ಪಿದ್ದು ಎರಡೇ ಕಡೆ. ಅದನ್ನು ಹೇಳಿದಾಗ ರಾತ್ರಿ ಊಟ ಬಿಟ್ಟರು.

ಲೆಕ್ಕ ಪೂರ್ತಿಯಾದ ದಿನ ಕೊಠಡಿಯಲ್ಲಿ ನಾನೂ ಶೇಟ್ ಸರ್ ಇಬ್ಬರೇ ಇದ್ದೆವು. ಭಟ್ಟಿ ಓಣಿಯ ಗಾಳಿ ಕೆಟ್ಟದ್ದೇ, ಆದರೆ ಎಲ್ಲರೂ ತಿಳಿದಂತೆ ಇಡೀ ದಿನ ಕೆಟ್ಟದ್ದಲ್ಲ. ಹೊಟ್ಟು ಉರಿಯುವಾಗ ಹೊಗೆಯ ಅಂಕ ಅರವತ್ತರ ಆಸುಪಾಸು. ಬಸ್ ನಿಲ್ದಾಣದಲ್ಲೂ ಅಷ್ಟೇ ಇರುತ್ತದೆ. ಕೆಟ್ಟದ್ದು ಬೆಳಗಿನ ಐದರಿಂದ ಐದೂ ನಲವತ್ತು. ಟೈರಿನ ತುಂಡು ಉರಿಯುವ ನಲವತ್ತು ನಿಮಿಷ. ಆ ಹೊತ್ತಿಗೆ ಬಹುತೇಕ ಮನೆಗಳ ಕದ ಹಾಕಿರುತ್ತದೆ. ಆದರೆ ಐವತ್ತೆರಡನೇ ಮನೆಗೆ, ಅಂದರೆ ಜೈತುನಕ್ಕನ ಮನೆಗೆ, ಪಾಳಿ ಬಂದ ಹನ್ನೆರಡು ವಾರಗಳಲ್ಲಿ, ಹದಿನೆಂಟರಿಂದ ಏಳರವರೆಗಿನ ಹನ್ನೆರಡು ಬಿಲ್ಲೆಗಳೂ ಒಂದೇ ಮಾತು ಹೇಳಿದ್ದವು. ನಾನೂರ ಹತ್ತು.

ಓಣಿಯ ಹೊಗೆ ಸಮನಾಗಿ ಹಂಚಿರಲಿಲ್ಲ. ಅದರ ದೊಡ್ಡ ಪಾಲು ಒಂದೇ ಎದೆಯೊಳಗೆ ಹೋಗುತ್ತಿತ್ತು. ಬಿಲ್ಲೆ ಮನೆಮನೆ ತಿರುಗಿದ್ದರಿಂದ ಅದು ಸರಾಸರಿಯಲ್ಲಿ ಮುಚ್ಚಿಹೋಗಿತ್ತು, ಅದೇ ತಿರುಗಾಟದಿಂದ ಈಗ ಹೊರಗೆ ಬಂದಿತ್ತು. ನನಗೆ ಖುಷಿಯಾಗಬೇಕಿತ್ತು, ದಾಖಲೆ ಗಟ್ಟಿಯಾಗಿತ್ತು. ಆದರೆ ನಾನು ಆ ಹನ್ನೆರಡು ವಾರಗಳನ್ನೇ ಮತ್ತೆ ಮತ್ತೆ ತೆರೆದು ನೋಡಿದೆ.

ಸಮಿತಿ ಮೂರು ಗಂಟೆ ಪ್ರಶ್ನೆ ಕೇಳಿತು. ಗೋಡೆಯ ಫೋಟೋ ನೋಡಿ ನಕ್ಕಿತು, ಬಿಸಿಯ ಸಾಲು ನೋಡಿ ನಗು ನಿಲ್ಲಿಸಿತು, ಕೊನೆಗೆ ದಾಖಲೆಯನ್ನು ಒಪ್ಪಿತು. ತೀರ್ಮಾನ ಓಣಿಯ ಸಭೆಯದು ಎಂದು ಬರೆದುಕೊಟ್ಟಿತು.

*

ಸಭೆ ಸೇರಿದ್ದು ಭಾನುವಾರ ಬೆಳಿಗ್ಗೆ, ಟ್ಯಾಂಕಿನ ಮುಂದೆ. ನಾಲ್ಕೂ ಭಟ್ಟಿಯ ಸಾಹುಕಾರ ಕೊಟ್ರೇಶಪ್ಪ ಕುರ್ಚಿಯ ಮೇಲೆ, ಉಳಿದವರು ಚಾಪೆಯ ಮೇಲೆ. ಕೊಟ್ರೇಶಪ್ಪ ಕೆಟ್ಟವರಲ್ಲ. ಓಣಿಗೆ ಬೋರು ಕೊರೆಸಿದ್ದು ಅವರಪ್ಪನೇ. ಅದಕ್ಕೇ ಪಾಳಿಯಲ್ಲಿ ಅವರ ಮನೆ ಒಂದನೆಯದು. ನಾನು ಲೆಕ್ಕವನ್ನು ಈ ಸಲ ನಮ್ಮ ಭಾಷೆಯಲ್ಲಿ ಹೇಳಿದೆ. ನಾನೂರ ಹತ್ತು ಎಂದಾಗ ಎಲ್ಲರೂ ಜೈತುನಕ್ಕನ ಕಡೆ ತಿರುಗಿದರು. ಅವಳು ಸೆರಗಿನ ತುದಿ ಸುತ್ತುತ್ತ ಕೂತಿದ್ದಳು.

"ಮಧ್ಯಾಹ್ನದ ತನಕ ಬಾಯಾಗ ರಬ್ಬರಿನ ರುಚಿ ಇರತೈತಿ" ಎಂದಳು, ಏನೋ ತಪ್ಪು ಒಪ್ಪಿಕೊಳ್ಳುವವಳಂತೆ. "ಎಲ್ಲರಿಗೂ ಇರತೈತಿ ಅಂದ್ಕಂಡಿದ್ದೆ."

ಶೇಟ್ ಸರ್ ಉಪಾಯ ಹೇಳಿದರು. ಒಲೆಯ ಬಾಯಿಗೆ ತಗಡಿನ ಮುಚ್ಚಳ, ಹಿಂದಿನಿಂದ ಗಾಳಿ ಊದುವ ಫ್ಯಾನು, ಹೊಗೆ ಎಳೆಯಲು ಎತ್ತರದ ಚಿಮಣಿ. ಟೈರು ಬೇಡ, ತೆಂಗಿನ ಚಿಪ್ಪು ಸಾಕು. ಒಬ್ಬ ವೆಲ್ಡಿಂಗ್‌ನವನು ವಾರದಲ್ಲಿ ಮಾಡುವ ಕೆಲಸ.

"ಮಾಡಾನ್ರಿ ಸರ್" ಎಂದರು ಕೊಟ್ರೇಶಪ್ಪ. "ಈಗ ಸೀಜನ್ನು. ಬ್ಯಾಸಿಗಿ ಬರಲಿ, ನೋಡಾನು. ಅಲ್ಲೀತನಕ ಜೈತುನಿ ಹೆಂಗೂ ರೂಢಿ ಐತಿ."

ಕಾಯಿದೆಯ ಪ್ರಕಾರ ಓಣಿ ಹೇಳಿದ್ದೇ ತೀರ್ಮಾನ, ಆದರೆ ಓಣಿಯ ಅನ್ನ ಆ ಕುರ್ಚಿಯ ಕೈಯಲ್ಲಿತ್ತು. ಆಗ ಅತ್ತೆ ಎದ್ದರು. ಮೊಣಕಾಲು ಹಿಡಿದುಕೊಂಡು, ನಿಧಾನಕ್ಕೆ, ಗೋಡೆಯ ಹತ್ತಿರ ಹೋದರು.

"ಆತು, ಬ್ಯಾಸಿಗಿ ತನಕ ಕಾಯಾನು" ಎಂದರು. "ಅಲ್ಲೀತನಕ ಬೆಂಕಿ ಹೊತ್ತಿಸೋಕ ಪಾಳಿ. ದಿನಕ್ಕೊಂದು ಮನಿ. ಜೈತುನಿ ಜರಡಿ ಹಿಡೀಲಿ, ಅಕಿ ಕೂಲಿ ಮುರಿಯಂಗಿಲ್ಲ. ನೀರು ಹಂಚ್ಕಂಡೀವಿ, ಬಿಲ್ಲೆ ಹಂಚ್ಕಂಡೀವಿ. ಹೊಗಿ ಒಬ್ಬಾಕಿಗ್ಯಾಕ?"

ಗುಜುಗುಜು ಎದ್ದಿತು. ನಾನೂ ಸುಮ್ಮನಿರಲಿಲ್ಲ. "ಅತ್ತಿ, ಹಂಚಿದ್ರ ವಿಷ ಕಡಿಮಿ ಆಗಲ್ಲ. ಒಟ್ಟು ಅಷ್ಟೇ ಇರತೈತಿ."

"ಕಡಿಮಿ ಆಗಲ್ಲ" ಎಂದು ಒಪ್ಪಿಕೊಂಡರು. "ಎಲ್ಲರ ಬಾಯಿಗೂ ರುಚಿ ಹತ್ತತೈತಿ."

ಬಾಣಂತಿಯರು, ಬಸುರಿಯರು, ಮಕ್ಕಳು, ಎದೆಯ ಕಾಯಿಲೆಯವರು ಬೇಡ. ಆ ಮನೆಯ ಇನ್ನೊಬ್ಬರು ಬರಬೇಕು. ದುಡ್ಡು ಕೊಟ್ಟು ಬೇರೆಯವರನ್ನು ಕಳಿಸುವಂತಿಲ್ಲ. ನೀರಿನ ಪಾಳಿಯಲ್ಲೂ ಆ ನಿಯಮ ಇದೆ. ಕೈ ಎತ್ತಿಸಿದರು. ಕೊನೆಗೆ ಕೊಟ್ರೇಶಪ್ಪನವರ ಕೈಯೂ ಎದ್ದಿತು. ಎತ್ತದಿದ್ದರೆ ಮರ್ಯಾದೆ ಉಳಿಯುತ್ತಿರಲಿಲ್ಲ. ಅತ್ತೆ ಇದ್ದಿಲು ತೆಗೆದುಕೊಂಡು ಮೊದಲ ಸಾಲಿಗೆ ಗೆರೆ ಎಳೆದರು.

"ನಾಳಿಗೆ ಒಂದನೇ ಮನಿ. ಸಾವ್ಕಾರ್ರ, ಐದಕ್ಕ ಬರ್ರಿ. ತಲಿಗೆ ಟವಲ್ ಕಟ್ಕಳ್ರಿ, ಕೂದಲ ವಾಸನಿ ಹೋಗಲ್ಲ."

*

ಸೋಮವಾರ ಬೆಳಿಗ್ಗೆ ಕೊಟ್ರೇಶಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ಬೆಂಕಿಯ ಪಾಳಿಯವರಿಗೆಂದೇ ಅತ್ತೆ ಎತ್ತಿಟ್ಟ ಬಿಲ್ಲೆ. ಕುಕ್ಕರಗಾಲಲ್ಲಿ ಕೂರಲು ಬಾರದೆ ಮಣೆ ಹಾಕಿಸಿಕೊಂಡರು. ಜೈತುನಕ್ಕ ಪಕ್ಕದಲ್ಲಿ ನಿಂತು "ಮೂಗಿಂದ ಎಳೀಬ್ಯಾಡ್ರಿ ಸಾವ್ಕಾರ್ರ, ಮಕ ಆಕಡಿ ತಿರುಗಿಸಿ ಉಸಿರು ತಗೊಂಡು ಈಕಡಿ ಊದ್ರಿ" ಎಂದು ಹೇಳಿಕೊಡುತ್ತಿದ್ದಳು. ನಲವತ್ತು ನಿಮಿಷದ ಕೆಲಸಕ್ಕೆ ಅವರಿಗೆ ಒಂದೂಕಾಲು ಗಂಟೆ ಹಿಡಿಯಿತು. ಅಂಗಿಯ ಬಣ್ಣ ಹೇಳುವುದು ಬೇಡ. ಕೊಠಡಿಯಲ್ಲಿ ಅವರ ಹೊಗೆಯ ಅಂಕ ನಾನೂರ ಎಂಬತ್ತಕ್ಕೆ ಹೋಯಿತು. ಮಧ್ಯಾಹ್ನ ಊಟಕ್ಕೆ ಕೂತವರು ತಟ್ಟೆ ದೂರ ತಳ್ಳಿ, 'ಅನ್ನಕ್ಕೆ ಟೈರಿನ ರುಚಿ' ಎಂದರಂತೆ. ಅವರ ಹೆಂಡತಿ ನೀರಿಗೆ ಬಂದಾಗ ಹೇಳಿದರು.

ಎರಡನೇ ಮನೆ, ಮೂರನೇ ಮನೆ. ಹತ್ತು ದಿನದಲ್ಲಿ ಓಣಿಯಲ್ಲಿ ಮಾತೆಲ್ಲ ಬಾಯಿ ರುಚಿಯದೇ. ಮೊದಲು ಹೊಗೆ ಎಂದರೆ ಆಕಾಶದಲ್ಲಿರುವ ಏನೋ ಆಗಿತ್ತು. ಬಿಲ್ಲೆಯ ಅಂಕಗಳನ್ನು ನಾನು ಎಷ್ಟು ಸಲ ಓದಿ ಹೇಳಿದ್ದರೂ ಯಾರಿಗೂ ಅಷ್ಟು ಅರ್ಥವಾಗಿರಲಿಲ್ಲ. ಹನ್ನೊಂದನೇ ದಿನ ವೆಲ್ಡಿಂಗ್‌ನವನು ಬಂದು ಒಲೆಗಳ ಅಳತೆ ತೆಗೆದುಕೊಂಡು ಹೋದ. ಬೇಸಿಗೆ ಇನ್ನೂ ಮೂರು ತಿಂಗಳು ದೂರವಿತ್ತು. ಇಪ್ಪತ್ತಾರನೇ ದಿನ ಚಿಮಣಿ ನಿಂತಿತು.

ನಾನು ಪಾಳಿ ಮುಗಿಯಿತೆಂದುಕೊಂಡೆ. ಅತ್ತೆ ಗೋಡೆ ಒರೆಸಲಿಲ್ಲ. "ಐವತ್ತೆರಡು ಬರಲಿ" ಎಂದರು, ಅಷ್ಟೇ.

ಐವತ್ತೆರಡನೇ ದಿನ ಜೈತುನಕ್ಕನದು. ಅವತ್ತು ನಾನು ಬೆಳಿಗ್ಗೆ ನಾಲ್ಕೂವರೆಗೇ ಕೊಠಡಿಗೆ ಹೋದೆ. ಶೇಟ್ ಸರ್ ನನಗಿಂತ ಮೊದಲೇ ಬಂದು ಕೂತಿದ್ದರು. ಐದಕ್ಕೆ ಬಿಲ್ಲೆಯ ಬಿಸಿ ಮೂವತ್ನಾಲ್ಕು, ಸರಿಯಾಗಿ ಹಾಕಿಕೊಂಡಿದ್ದಳು. ಗೆರೆ ಹೊರಟಿತು. ಐದು ನಿಮಿಷ, ಹತ್ತು ನಿಮಿಷ. ಸ್ವಲ್ಪ ಬಾಗಿತು, ನೆಟ್ಟಗಾಯಿತು. ಐದೂ ನಲವತ್ತು ದಾಟಿತು. ಬಾವಿ ಬರಲೇ ಇಲ್ಲ. ನಾನು ಅತ್ತುಬಿಟ್ಟೆ, ಈ ಸಲ ಈರುಳ್ಳಿ ಇಲ್ಲದೆ.

ಆರಕ್ಕೆ ಫೋನು ಬಂತು.

"ದಾಕ್ಷವ್ವ, ಎಷ್ಟು ಬಂತು?"

"ಮೂವತ್ತೈದು, ಜೈತುನಕ್ಕ. ಬರೀ ಮೂವತ್ತೈದು!"

"ಮೊದಲ ಎಷ್ಟಿತ್ತು ಅಂದಿದ್ದಿ?"

"ನಾನೂರ ಹತ್ತು."

ಆ ಕಡೆ ಒಲೆಯ ಫ್ಯಾನಿನ ಸದ್ದು ಕೇಳುತ್ತಿತ್ತು. ಅವಳು ಕೆಮ್ಮಿದಳು, ಆ ಕೆಮ್ಮು ಹಳೆಯದೇ.

"ಹಂಗಾರೆ ಹತ್ತೊಂಬತ್ತು ವರ್ಷ ದಿನಾ ಅಷ್ಟು ಕುಡಿದೀನಾ ನಾನು?"

ನನ್ನ ಮುಂದೆ ಮೂವತ್ತಾರು ಬಿಲ್ಲೆಗಳ ಎಲ್ಲ ಲೆಕ್ಕವೂ ಇತ್ತು. ಆ ಹತ್ತೊಂಬತ್ತು ವರ್ಷ ಅದರಲ್ಲಿ ಎಲ್ಲೂ ಇರಲಿಲ್ಲ. ಆದರೆ ಇಲ್ಲ ಎಂದರೆ ನಾನು ಆ ಕೊಠಡಿಯವಳಾಗಿ ಉಳಿಯುತ್ತಿರಲಿಲ್ಲ.

"ಹೌದಕ್ಕ" ಎಂದೆ.

ಅವಳು ಜರಡಿ ಎತ್ತಿಕೊಂಡ ಸದ್ದು ಕೇಳಿಸಿತು.

"ಗೊತ್ತಾತಲ್ಲ, ಅಷ್ಟು ಸಾಕು" ಎಂದಳು. "ನಾಳೆ ಯಾರ ಪಾಳಿ?"

"ಐವತ್ಮೂರನೇ ಮನಿ. ನಾಗಮ್ಮಂದು."

"ಅಕಿಗೆ ಚಿಪ್ಪು ಜೋಡಿಸೋಕ ಬರಲ್ಲ. ಒಮ್ಮೆ ಹೋಗಿ ತೋರಿಸಿ ಬರ್ತೀನಿ. ಹಾಲಕ್ಕಗ ಮಾತ್ರ ಹೇಳಬ್ಯಾಡ, ನಿನ್ನ ಪಾಳಿ ಅಲ್ಲ ಅಂತ ಬೈದು ಕಳಿಸ್ತಾಳ."